ಆಪಾನ ಟ್ರಂಕಿನಲ್ಲಿದ್ದ ಕಾಗದ

2019ರ ರಮಝಾನ್ ಮೇ ತಿಂಗಳ ಬಿಸಿಲಿನಲ್ಲಿ ಬಂದಿತ್ತು. ನವಲಗುಂದದ ಮೇ ತಿಂಗಳು ಎಂಥದ್ದೆಂದು ಎರೆಮಣ್ಣಿನ ಸೀಮೆಯವರಿಗೆ ಹೇಳಬೇಕಾಗಿಲ್ಲ. ಆ ದಿನ ಇಫ್ತಾರ್ ಮುಗಿದು ಗಂಡಸರು ತರಾವೀಹ್ ನಮಾಝಿಗೆ ಹೋಗಿದ್ದರು. ನಾವು ತಟ್ಟೆ, ಲೋಟ ಎತ್ತಿಡುತ್ತಿದ್ದೆವು. ನಮ್ಮ ದೊಡ್ಡಕ್ಕ, ನಾವೆಲ್ಲ ಆಪಾ ಎಂದು ಕರೆಯುವವಳು, ಗೋಡೆಗೆ ಒರಗಿ ಕುಳಿತು ಬೆನ್ನು ಒತ್ತಿಕೊಳ್ಳುತ್ತಿದ್ದಳು. ಮುಖದ ಮೇಲೆ ಬೆವರು ಹನಿಗಟ್ಟಿತ್ತು. ಗದ್ದದಿಂದ ಎಡಭುಜದ ತನಕ ಏನೋ ಎಳೆದಂತೆ ಆಗುತ್ತಿದೆ ಎಂದಳು. ನಾವು ಕೇಳುವ ಮೊದಲೇ ಉತ್ತರವನ್ನೂ ಅವಳೇ ಕೊಟ್ಟಳು:

"ಏನಿಲ್ಲ ಬಿಡ್ರಿ. ಭಜಿ ತಿಂದಿದ್ನೆಲ್ಲ, ಗ್ಯಾಸ್ ಆಗೇತಿ."

ನಾವು ಓಮಿನ ಕಾಳು ಕೊಟ್ಟೆವು, ಸೋಡಾ ತರಿಸಿದೆವು. ರಾತ್ರಿ ಹತ್ತಕ್ಕೂ ಕಡಿಮೆಯಾಗದಿದ್ದಾಗ ಹತ್ತಿರದ ಒಂದು ದವಾಖಾನೆಗೆ ಕರೆದೊಯ್ದೆವು. ಅಲ್ಲಿಯೂ ಅದನ್ನೇ ಹೇಳಿದರು. ಉಪವಾಸ, ಅದರ ಮೇಲೆ ಎಣ್ಣೆ ತಿಂಡಿ, ಆಸಿಡಿಟಿ. ಒಂದು ಇಂಜೆಕ್ಷನ್, ನಾಲ್ಕು ಗುಳಿಗೆ. ಇ.ಸಿ.ಜಿ. ಮಾಡಲಿಲ್ಲ. ಮರುದಿನ ಮಧ್ಯಾಹ್ನ ಆಪಾ ಉಸಿರಿಗಾಗಿ ಒದ್ದಾಡತೊಡಗಿದಾಗ ಸುಮಾರು 35 ಕಿ.ಮೀ. ದೂರದ ಹುಬ್ಬಳ್ಳಿಗೆ ಓಡಿದೆವು. ಅಲ್ಲಿ ಇ.ಸಿ.ಜಿ. ಕಾಗದ ಹೊರಬರುವಾಗಲೇ ವೈದ್ಯರ ಮುಖ ಬದಲಾಯಿತು. ಹೃದಯಾಘಾತವಾಗಿ ಹದಿನಾರು ತಾಸಿಗೂ ಹೆಚ್ಚಾಗಿತ್ತು. ಆಪಾನ ವಯಸ್ಸು ಆಗ 44.

ನಾವು ಇಬ್ಬರು ಅವಳ ತಂಗಿಯರು. ಒಬ್ಬಳು ನವಲಗುಂದದಲ್ಲೇ ಇದ್ದಾಳೆ, ಇನ್ನೊಬ್ಬಳನ್ನು ಅಣ್ಣಿಗೇರಿಗೆ ಕೊಟ್ಟಿದ್ದಾರೆ. ಮನೆಯಲ್ಲಿ ಆಡುವುದು ದಖನಿ, ಓಣಿಯಲ್ಲಿ ಆಡುವುದು ಕನ್ನಡ. ಎರಡರಲ್ಲಿಯೂ ಹೆಂಗಸಿನ ಎದೆನೋವಿಗೆ ಒಂದೇ ಹೆಸರು, ಗ್ಯಾಸ್. ಇದನ್ನು ಯಾರ ಮೇಲೂ ದೂರು ಹೊರಿಸಲೆಂದು ಬರೆಯುತ್ತಿಲ್ಲ. ಮೊದಲು ಗ್ಯಾಸ್ ಎಂದವರು ನಾವೇ.

ಆಪಾ ಜಮಖಾನೆ ನೇಯುವವಳು. ನವಲಗುಂದದ ಜಮಖಾನೆ, ಜಾ-ನಮಾಝ್ ಎಂದರೆ ಬಲ್ಲವರಿಗೆ ಗೊತ್ತು. ಈ ಕಸುಬು ತಲೆಮಾರುಗಳಿಂದ ಮುಸ್ಲಿಮ್ ಹೆಂಗಸರ ಕೈಯಲ್ಲಿಯೇ ಉಳಿದುಬಂದಿದೆ, ಅದಕ್ಕೆ ಜಿಐ ಮಾನ್ಯತೆಯೂ ಸಿಕ್ಕಿದೆ. ಮಾನ್ಯತೆ ಸಿಕ್ಕಿತು, ನೇಯುವ ಕೈಗಳು ಮಾತ್ರ ಬೆರಳೆಣಿಕೆಗೆ ಇಳಿದವು. ನಿಲುವಿನ ಮಗ್ಗದ ಮುಂದೆ ಮುಂಜಾನೆಯಿಂದ ಸಂಜೆತನಕ ಕುಳಿತು, ನೂಲು ತೂರಿಸಿ, ಕಬ್ಬಿಣದ ಹಣಿಗೆಯಿಂದ ಬಡಿದು ಬಡಿದು ನವಿಲು ಮೂಡಿಸಬೇಕು. ಕೈ ದುಡಿಯುತ್ತದೆ, ಸೊಂಟದ ಕೆಳಗಿನ ಮೈ ಅಲುಗುವುದಿಲ್ಲ. ಆಪಾ ದಪ್ಪಗಿರಲಿಲ್ಲ. ಬೀಡಿ, ತಂಬಾಕು ಮುಟ್ಟಿದವಳಲ್ಲ. ಹುಬ್ಬಳ್ಳಿಯಲ್ಲಿ ಸ್ಟೆಂಟ್ ಹಾಕಿದ ಮೇಲೆ ಕೇಸ್ ಪೇಪರ್ ತುಂಬುವಾಗ ಸಕ್ಕರೆ ಇದೆಯೇ, ಬಿ.ಪಿ. ಇದೆಯೇ, ತಂದೆಗೆ ಹೃದಯದ ತೊಂದರೆ ಇತ್ತೇ ಎಂದು ಕೇಳಿದರು. ಸಕ್ಕರೆ ಆರು ವರ್ಷದಿಂದ ಇದೆ ಎಂದೆವು. ಅಷ್ಟಕ್ಕೆ ಕಾಗದ ಮುಗಿಯಿತು. ಆ ವಯಸ್ಸಿಗೆ ಹೆಂಗಸಿಗೆ ಹೃದಯಾಘಾತ ಆಗುವುದು ಅಪರೂಪವಲ್ಲವೇ ಎಂದು ನಾವು ಕೇಳಿದಾಗ "ಸಕ್ಕರೆ ಇದ್ದಮೇಲೆ ಆಗುತ್ತದೆ" ಎಂಬ ಉತ್ತರ ಸಿಕ್ಕಿತು. ಸುಳ್ಳೇನೂ ಅಲ್ಲ. ಆದರೆ 38ನೇ ವಯಸ್ಸಿಗೇ ಸಕ್ಕರೆ ಏಕೆ ಬಂತು?

ಈ ಪ್ರಶ್ನೆಗೆ ಉತ್ತರ ನಮ್ಮ ಮನೆಯ ಟ್ರಂಕಿನಲ್ಲಿಯೇ ಇತ್ತು. ಅದು ಹೊರಬಂದದ್ದು ಮರುವರ್ಷ, 2020ರ ಲಾಕ್‌ಡೌನಿನಲ್ಲಿ. ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದ ಆಪಾನ ಕಿರಿಮಗಳು ಕಾಲೇಜು ಮುಚ್ಚಿ ಮನೆಗೆ ಬಂದಿದ್ದಳು. ಬೇಸರ ಕಳೆಯಲು ಅಮ್ಮಿಯ ಟ್ರಂಕು ಖಾಲಿ ಮಾಡಿ, ರೇಷನ್ ಕಾರ್ಡು, ಬಾಂಡು, ಹಳೆಯ ಫೋಟೋಗಳ ನಡುವೆ ಹಳದಿಯಾದ ಒಂದು ಡಿಸ್ಚಾರ್ಜ್ ಕಾಗದ ಹಿಡಿದುಕೊಂಡು ಹೊರಬಂದಳು. ಅದು 2008ರದ್ದು. ಆಪಾನ ಗರ್ಭಚೀಲ ತೆಗೆದ ಆಪರೇಷನ್ನಿನದ್ದು.

"ಅಮ್ಮೀ, ನಿಂದು ಬರೇ ಚೀಲ ತಗದಾರೇನು?"

"ಹೌದು. ಚೀಲ ಅಷ್ಟ. ಬಿಳಿ ಹೋಗತಿತ್ತು, ಹೊಟ್ಟಿನೋವು ಇತ್ತು. ಹಂಗ ಬಿಟ್ರ ಕ್ಯಾನ್ಸರ್ ಆಕ್ಕೇತಿ ಅಂದ್ರು. ಮಕ್ಕಳಾಗ್ಯಾವ, ಇನ್ನ ಅದನ್ನ ಇಟ್ಕೊಂಡು ಏನ್ ಮಾಡೂದು ಅಂದ್ರು."

"ಇದ್ರಾಗ ಎರಡೂ ಕಡೆ ಅಂಡಾಶಯಾನೂ ತಗದೀವಿ ಅಂತ ಬರದಾರ."

ಕಾಗದ ಇಂಗ್ಲಿಷಿನಲ್ಲಿತ್ತು. ನಮ್ಮ ಭಾವನವರು ಅದರ ಮೇಲೆ ಸಹಿ ಮಾಡಿದ್ದರು. ಹನ್ನೆರಡು ವರ್ಷ ಆ ಕಾಗದ ಟ್ರಂಕಿನಲ್ಲಿ ಮಡಿಸಿಕೊಂಡು ಕುಳಿತಿತ್ತು, ಅದರಲ್ಲಿ ಏನಿದೆಯೆಂದು ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆಪಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಆಪರೇಷನ್ ಆದ ವರ್ಷವೇ ಮಗ್ಗದ ಮುಂದೆ ಕುಳಿತಾಗ ಒಮ್ಮೆಲೇ ಮೈ ಝಳ ಹೊಡೆದಂತಾಗಿ ಬೆವರಿ ತೊಪ್ಪೆಯಾಗುತ್ತಿತ್ತು, ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ ಎಂದು ನೆನಪು ಮಾಡಿಕೊಂಡಳು. ಬೇಸಿಗೆಯ ಝಳ ಎಂದುಕೊಂಡಿದ್ದಳಂತೆ. ಚಳಿಗಾಲದಲ್ಲಿಯೂ ಬೆವರುತ್ತಿದ್ದಳಂತೆ.

ನಮ್ಮ ಕಡೆ ಎಲ್ಲವನ್ನೂ 'ಚೀಲ' ಎಂಬ ಒಂದೇ ಮಾತಿನಲ್ಲಿ ಸೇರಿಸಿಬಿಡುತ್ತೇವೆ. ಆದರೆ ಗರ್ಭಕೋಶ ಬೇರೆ, ಅಂಡಾಶಯ ಬೇರೆ. ಮಗುವನ್ನು ಹೊರುವುದು ಗರ್ಭಕೋಶ. ಅದರ ಎರಡು ಮಗ್ಗುಲಿಗೆ ಬಾದಾಮಿಯಷ್ಟು ಗಾತ್ರದ ಎರಡು ಅಂಡಾಶಯಗಳಿವೆ, ಈಸ್ಟ್ರೋಜನ್ ಎಂಬ ಹಾರ್ಮೋನು ಮುಖ್ಯವಾಗಿ ತಯಾರಾಗುವುದು ಅಲ್ಲಿ. ಇದು ಬರೀ ಮುಟ್ಟು, ಬಸಿರಿನ ಹಾರ್ಮೋನು ಎಂದು ನಾವು ತಿಳಿದಿದ್ದೆವು. ಅದು ರಕ್ತನಾಳದ ಒಳಗೋಡೆಯನ್ನು ಮೆತ್ತಗಿಡುತ್ತದೆ, ನಾಳ ಹಿಗ್ಗಲು ನೆರವಾಗುತ್ತದೆ. ಕೆಟ್ಟ ಕೊಲೆಸ್ಟರಾಲನ್ನು ರಕ್ತದಿಂದ ಎಳೆದುಕೊಳ್ಳಲು ಲಿವರಿಗೆ ಸಹಾಯ ಮಾಡುತ್ತದೆ. ಕೊಬ್ಬು ತೊಡೆ, ಸೊಂಟದಲ್ಲಿ ಉಳಿಯುವಂತೆ, ಹೊಟ್ಟೆಯೊಳಗೆ ಕಟ್ಟಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದರಲ್ಲಿಯೂ ಅದರ ಕೈ ಇದೆ. ನಮ್ಮ ದೇಶದ ಹೆಂಗಸರಿಗೆ ಮುಟ್ಟು ನಿಲ್ಲುವುದು ಸರಾಸರಿ 46-47ರ ಸುಮಾರಿಗೆ. ಅಲ್ಲಿಯತನಕ ನಿಧಾನವಾಗಿ ಇಳಿಯಬೇಕಾದ ಹಾರ್ಮೋನು ಆಪಾನ ಮೈಯಲ್ಲಿ 33ನೇ ವಯಸ್ಸಿಗೆ ಒಂದೇ ದಿನದಲ್ಲಿ ಇಳಿದುಹೋಯಿತು. ಅವಳ ಕೈಕಾಲು ತೆಳ್ಳಗೇ ಉಳಿದವು, ಹೊಟ್ಟೆ ಮಾತ್ರ ಮುಂದೆ ಬಂತು. ಸೀರೆಯ ನೆರಿಗೆ ನಿಲ್ಲುವುದಿಲ್ಲವೆಂದು ನಾವು ನಗೆಯಾಡುತ್ತಿದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹೆಂಗಸರಿಗೆ ಹೃದಯಾಘಾತ ಗಂಡಸರಿಗಿಂತ ಸುಮಾರು ಒಂಬತ್ತು ವರ್ಷ ತಡವಾಗಿ ಆಗುತ್ತದೆ ಎಂದು 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ ತೋರಿಸಿತು. ಅದು ಪ್ರಕಟವಾದದ್ದು 2004ರಲ್ಲಿ. ಅದರ ಮುಂದಾಳು ಡಾ. ಸಲೀಮ್ ಯೂಸುಫ್ ಕೇರಳದಲ್ಲಿ ಹುಟ್ಟಿದವರು, ವೈದ್ಯ ಪದವಿ ಓದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ. ಅದೇ ಅಧ್ಯಯನದ ಇನ್ನೊಂದು ಭಾಗ, ದಕ್ಷಿಣ ಏಷ್ಯಾದ ನಮ್ಮಂಥವರಿಗೆ ಉಳಿದವರಿಗಿಂತ ಐದಾರು ವರ್ಷ ಮೊದಲೇ ಎದೆ ಕೈಕೊಡುತ್ತದೆ ಎಂದೂ ಹೇಳಿತು. ಅಂದರೆ ನಮ್ಮ ಹೆಂಗಸರಿಗೆ ಪ್ರಕೃತಿ ಕೊಟ್ಟ ಒಂಬತ್ತು ವರ್ಷದ ಆ ಗಡುವು ಮೊದಲೇ ಇಕ್ಕಟ್ಟಿನದು. ಅಂಥದರಲ್ಲಿ ಅದನ್ನೂ ಕತ್ತರಿಸಿ ಹಾಕಿದರೆ? ನಲವತ್ತಕ್ಕೆ ಮೊದಲೇ ಮುಟ್ಟು ನಿಂತಿದ್ದರೆ ಅದನ್ನು ಹೃದಯದ ಅಪಾಯ ಹೆಚ್ಚಿಸುವ ಕಾರಣಗಳ ಪಟ್ಟಿಯಲ್ಲಿ ಲೆಕ್ಕ ಹಿಡಿಯಬೇಕೆಂದು ಅಮೆರಿಕದ ಹೃದಯ ತಜ್ಞರ ಸಂಘಗಳು 2018ರ ಕೊಲೆಸ್ಟರಾಲ್ ಮಾರ್ಗಸೂಚಿಯಲ್ಲಿಯೇ ಬರೆದಿವೆ. ಆಪಾನ ಕೇಸ್ ಪೇಪರಿನಲ್ಲಿ ಆ ಪ್ರಶ್ನೆಗೆ ಖಾನೆಯೇ ಇರಲಿಲ್ಲ.

ಹಾರ್ಮೋನನ್ನು ಗುಳಿಗೆಯಾಗಿ ಕೊಡಬಹುದಿತ್ತಲ್ಲವೇ ಎಂದು ಆಮೇಲೆ ಒಬ್ಬ ವೈದ್ಯೆಯನ್ನು ಕೇಳಿದೆವು. 2002ರಲ್ಲಿ ಅಮೆರಿಕದ ಒಂದು ದೊಡ್ಡ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಲಾಗಿತ್ತು. ಮುಟ್ಟು ನಿಂತು ಎಷ್ಟೋ ವರ್ಷ ಕಳೆದ, ಸರಾಸರಿ 63ರ ವಯಸ್ಸಿನ ಹೆಂಗಸರಿಗೆ ಹಾರ್ಮೋನು ಕೊಟ್ಟರೆ ಹೃದಯಕ್ಕೆ ರಕ್ಷಣೆ ಸಿಗುವುದಿಲ್ಲ, ಹಾನಿಯೇ ಹೆಚ್ಚು ಎಂದು ಅಲ್ಲಿ ಕಂಡುಬಂತು. ಅಲ್ಲಿಂದ ಎಲ್ಲರಿಗೂ ಹಾರ್ಮೋನೆಂದರೆ ಹೆದರಿಕೆ. ಆದರೆ ಎಳೆಯ ವಯಸ್ಸಿನಲ್ಲಿ ಅಂಡಾಶಯ ಕಳೆದುಕೊಂಡವರ ಮಾತು ಬೇರೆ. ಬೇರೆ ಅಡ್ಡಿಯಿಲ್ಲದಿದ್ದರೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನ ತನಕ ಅವರಿಗೆ ಹಾರ್ಮೋನು ಕೊಡುವ ಪದ್ಧತಿಯಿದೆ. "ಆಗ ಕೊಡಬೇಕಿತ್ತು. ಈಗ ಹಾರ್ಟ್ ಅಟ್ಯಾಕ್ ಆದಮೇಲೆ ಕೊಡುವ ಹಾಗಿಲ್ಲ" ಎಂದರು ಅವರು.

ಇದು ನಮ್ಮ ಮನೆಯೊಂದರ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ, ದಲಿತ ಕೇರಿಗಳಲ್ಲಿ ಎಳೆಯ ಹೆಂಗಸರ ಗರ್ಭಕೋಶ ಸಾಲುಸಾಲಾಗಿ ತೆಗೆದ ಸಂಗತಿ ಹೊರಬಂದು, 2015ರಲ್ಲಿ ಆರೋಗ್ಯ ಇಲಾಖೆಯ ತನಿಖೆಯ ತನಕ ಹೋಯಿತು. ಆ ಹೆಂಗಸರು ಬೀದಿಗಿಳಿದು ಪ್ರತಿಭಟಿಸಿದರು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಇಂಥವೇ ಪ್ರಕರಣಗಳನ್ನು ಮುಂದಿಟ್ಟುಕೊಂಡು ಒಬ್ಬ ವೈದ್ಯರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಎಲ್ಲ ರಾಜ್ಯಗಳಿಗೆ ಆದೇಶಿಸಿತು. ಈ ಆಪರೇಷನ್ನೇ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಕ್ಯಾನ್ಸರಿಗೆ, ನಿಲ್ಲದ ರಕ್ತಸ್ರಾವಕ್ಕೆ ಅದು ಜೀವ ಉಳಿಸುತ್ತದೆ. ಬಿಳಿ ಹೋಗುವುದಕ್ಕೆ, ಹೊಟ್ಟೆನೋವಿಗೆ 33ನೇ ವಯಸ್ಸಿನಲ್ಲಿ ಮಾಡುವಂಥದ್ದಲ್ಲ.

ಟ್ರಂಕಿನಲ್ಲಿ ಇನ್ನೂ ಒಂದು ಕಾಗದವಿತ್ತು. ಕಿರಿಮಗಳು ಹುಟ್ಟಿದ 2001ರದ್ದು. ಅವಳು ಹುಟ್ಟಿದಾಗ ನಾಲ್ಕು ಕಿಲೋ ಇದ್ದಳು. ಗುಂಡುಗುಂಡಗಿನ ಕೂಸೆಂದು ಓಣಿಯೆಲ್ಲ ಬಂದು ನೋಡಿತ್ತು, ದೃಷ್ಟಿ ತೆಗೆದಿದ್ದೇ ತೆಗೆದಿದ್ದು. ಬಸಿರಿನ ಏಳನೆಯ ತಿಂಗಳಲ್ಲಿ ಆಪಾನ ರಕ್ತದಲ್ಲಿ ಸಕ್ಕರೆ ಹೆಚ್ಚಿತ್ತೆಂದು ಆ ಕಾಗದದಲ್ಲಿ ಬರೆದಿತ್ತು. ಹೆರಿಗೆಯಾದ ಮೇಲೆ ಸಕ್ಕರೆ ಇಳಿಯಿತು, ನಾವು ಮರೆತೆವು. ಮರೆಯಬಾರದಿತ್ತೆಂದು ನಮಗೆ ತಿಳಿಸಿದ್ದು ಮೈಸೂರು.

ಮೈಸೂರಿನ ಹೋಲ್ಡ್ಸ್‌ವರ್ತ್ ಮಿಶನ್ ಆಸ್ಪತ್ರೆಯಲ್ಲಿ 1934ರಿಂದಲೂ ಪ್ರತಿ ಕೂಸಿನ ತೂಕವನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅರವತ್ತು ವರ್ಷಗಳ ನಂತರ ಸಂಶೋಧಕರು ಆ ಪುಸ್ತಕ ಹಿಡಿದು, ಅಲ್ಲಿ ಹುಟ್ಟಿ ದೊಡ್ಡವರಾದವರನ್ನು ಮನೆಮನೆಗೆ ಹೋಗಿ ಹುಡುಕಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚೆಂದು 1996ರಲ್ಲಿ ಪ್ರಕಟಿಸಿದರು. ಮುಂದೆ 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ಬಸುರಿಯರ ಸಕ್ಕರೆ ಪರೀಕ್ಷಿಸಿ, ಐದು ವರ್ಷಗಳ ನಂತರ ಅದೇ ತಾಯಂದಿರನ್ನು ಮತ್ತೆ ಪರೀಕ್ಷಿಸಿದರು. ಬಸಿರಿನಲ್ಲಿ ಸಕ್ಕರೆ ಏರಿದ್ದವರ ಪೈಕಿ ನೂರಕ್ಕೆ 37 ಜನರಿಗೆ ಮಧುಮೇಹ ಬಂದಿತ್ತು, ಏರದಿದ್ದವರ ಪೈಕಿ ನೂರಕ್ಕೆ ಇಬ್ಬರಿಗೆ ಮಾತ್ರ. ಹೆರಿಗೆಯಾಯಿತು, ಸಕ್ಕರೆ ಹೋಯಿತು ಎನ್ನುವುದು ಎಂಥ ಮೋಸದ ಸಮಾಧಾನ ನೋಡಿ. ಬಸಿರಿನಲ್ಲಿ ಬಿ.ಪಿ. ಏರಿ, ಕಾಲು ಮುಖ ಬಾತು, ಮೂತ್ರದಲ್ಲಿ ಪ್ರೋಟೀನ್ ಹೋಗುವ ತೊಂದರೆಯೂ ಹೀಗೆಯೇ. ಹೆರಿಗೆಯೊಂದಿಗೆ ಇಳಿದಂತೆ ಕಂಡರೂ, ಅಂಥವರಿಗೆ ಮುಂದೆ ಹೃದ್ರೋಗದ ಸಾಧ್ಯತೆ ಸುಮಾರು ಎರಡು ಪಟ್ಟು. ಬಸಿರೆಂಬುದು ಒಂಬತ್ತು ತಿಂಗಳು ಮೈಯ ಮೇಲೆ ನಡೆಯುವ ಪರೀಕ್ಷೆ, ಅದರ ಅಂಕಪಟ್ಟಿಯನ್ನು ಮಾತ್ರ ಯಾರೂ ಎತ್ತಿಡುವುದಿಲ್ಲ.

ಈಗ ಹೊಟ್ಟೆಯ ವಿಷಯಕ್ಕೆ ಬರುತ್ತೇವೆ. ಇದನ್ನು ನಮ್ಮ ತಲೆಗೆ ತುಂಬಿದವಳೂ ಆಪಾನ ಮಗಳೇ. ಅವಳು ಓದುತ್ತಿದ್ದದ್ದು ಸೂಕ್ಷ್ಮಜೀವಿಶಾಸ್ತ್ರ. ನಮ್ಮ ಕರುಳಿನಲ್ಲಿ ಲಕ್ಷಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿವೆ, ಅವುಗಳಿಗೂ ಹಾರ್ಮೋನಿಗೂ ಲೇವಾದೇವಿ ಇದೆ ಎಂದಾಗ ನಾವು ನಂಬಲಿಲ್ಲ. ಮಗ್ಗದ ಮುಂದೆ ಕುಳಿತು ಅವಳು ಬಿಡಿಸಿ ಹೇಳಿದ್ದು ಹೀಗೆ. ಕೆಲಸ ಮುಗಿಸಿದ ಈಸ್ಟ್ರೋಜನ್ನಿಗೆ ಲಿವರ್ ಒಂದು ಗಂಟು ಹಾಕಿ, ಪಿತ್ತದ ಜೊತೆ ಕರುಳಿಗೆ ತಳ್ಳುತ್ತದೆ, ಹೊರಗೆ ಹೋಗಲಿ ಎಂದು. ಕರುಳಿನ ಕೆಲವು ಬ್ಯಾಕ್ಟೀರಿಯಾಗಳ ಬಳಿ ಆ ಗಂಟು ಬಿಚ್ಚುವ ಕಿಣ್ವವಿದೆ. ಅವು ಬಿಚ್ಚಿದರೆ ಈಸ್ಟ್ರೋಜನ್ನಿನ ಒಂದು ಪಾಲು ಮತ್ತೆ ರಕ್ತಕ್ಕೆ ಮರಳುತ್ತದೆ. ಈ ಕೆಲಸ ಮಾಡುವ ಬ್ಯಾಕ್ಟೀರಿಯಾಗಳ ಬಳಗಕ್ಕೆ 2011ರಲ್ಲಿ ಪ್ಲಾಟೆಲ್ ಮತ್ತು ಬ್ಲೇಸರ್ ಎಂಬ ವಿಜ್ಞಾನಿಗಳು 'ಎಸ್ಟ್ರೋಬೊಲೋಮ್' ಎಂದು ಹೆಸರಿಟ್ಟರು. ಬಸಿರಿನ ಕೊನೆಯ ತಿಂಗಳುಗಳಲ್ಲಿ ಈ ಬಳಗವೇ ಬದಲಾಗುತ್ತದೆ. 2012ರಲ್ಲಿ ಬಸುರಿಯರ ಕರುಳಿನ ಬ್ಯಾಕ್ಟೀರಿಯಾಗಳನ್ನು ಇಲಿಗಳಿಗೆ ಸೇರಿಸಿ ನೋಡಿದರು. ಮೊದಲ ಮೂರು ತಿಂಗಳಿನವಕ್ಕಿಂತ ಕೊನೆಯ ಮೂರು ತಿಂಗಳಿನವು ಸೇರಿದ ಇಲಿಗಳಲ್ಲಿ ಕೊಬ್ಬು ಹೆಚ್ಚಾಯಿತು, ಇನ್ಸುಲಿನ್ನಿನ ಪ್ರಭಾವ ಕುಗ್ಗಿತು. ಇಲಿಯಲ್ಲಿ ಕಂಡದ್ದೆಲ್ಲ ನಮ್ಮಲ್ಲಿಯೂ ಹಾಗೆಯೇ ಎಂದು ಹೇಳಲಾಗದು, ಅವಳೂ ಹಾಗೆ ಹೇಳಲಿಲ್ಲ. ಗರ್ಭ, ಕರುಳು, ಹೃದಯ ಮೂರೂ ಬೇರೆ ಬೇರೆ ಮನೆಗಳೆಂದು ತಿಳಿದಿದ್ದ ನಮಗೆ, ಅವು ಒಂದೇ ವಠಾರದವು ಎನ್ನುವುದು ಹೊಸ ಮಾತಾಗಿತ್ತು.

ಈ ಬ್ಯಾಕ್ಟೀರಿಯಾಗಳ ಊಟ ಯಾವುದು? ನಾವು ಅರಗಿಸಿಕೊಳ್ಳಲಾಗದ ನಾರು. ನಾರನ್ನು ಅವು ಹುಳಿ ಬರಿಸಿ ಬ್ಯೂಟಿರೇಟ್‌ನಂಥ ಆಮ್ಲ ಮಾಡುತ್ತವೆ. ಅದು ಕರುಳಿನ ಗೋಡೆಗೆ ಆಹಾರ, ಸಕ್ಕರೆಯ ಹತೋಟಿಗೂ ಅನುಕೂಲ. ಇಲ್ಲಿ ನಮ್ಮ ಅಮ್ಮಿಯ ಕಾಲದ ಅಡುಗೆಮನೆ ನೆನಪಾಗುತ್ತದೆ. ಹಿಂಗಾರಿ ಬಿಳಿಜೋಳದ ರೊಟ್ಟಿ, ಹೆಸರುಕಾಳಿನ ಪಲ್ಲೆ, ಪುಂಡಿಪಲ್ಲೆ, ಹಸಿ ಹಕ್ಕರಕಿ ಸೊಪ್ಪು, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಕಡೆಗೆ ಮಜ್ಜಿಗೆ. ಮಾಂಸ ವಾರಕ್ಕೊಮ್ಮೆ, ಅದೂ ಹತ್ತು ಜನರಿಗೆ ಅರ್ಧ ಕಿಲೋ, ಉಳಿದದ್ದೆಲ್ಲ ಕಾಳು, ಸೊಪ್ಪು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮಿಗಿಂತ ಕಡಿಮೆ. ಈಗ ನಮ್ಮ ಮನೆಗಳಲ್ಲಿ ಎರಡು ಹೊತ್ತು ಅನ್ನ, ಪಾಮೋಲಿನ್ ಎಣ್ಣೆ, ಮುಂಜಾನೆ ಚಹಾಕ್ಕೆ ಟೋಸ್ಟು, ಖಾರಿ. ಪಡಿತರದ ಅಕ್ಕಿಯನ್ನು ನಾವು ದೂರುವುದಿಲ್ಲ. 2013ರಲ್ಲಿ ಅನ್ನಭಾಗ್ಯ ಬಂದಮೇಲೆ ಬರಗಾಲದ ವರ್ಷಗಳಲ್ಲಿಯೂ ನಮ್ಮ ಓಣಿಯಲ್ಲಿ ಒಲೆ ಆರಲಿಲ್ಲ, ಆ ಋಣ ದೊಡ್ಡದು. ಕಲಘಟಗಿ ಕಡೆಯದು ಭತ್ತದ ಸೀಮೆ, ಅಲ್ಲಿ ಮೊದಲಿನಿಂದಲೂ ಅನ್ನ ಇದೆ. ನಮ್ಮ ಕಡೆ ಅನ್ನ ಬಂದದ್ದು ರೊಟ್ಟಿಯ ಜೊತೆಗಲ್ಲ, ಅದರ ಜಾಗಕ್ಕೆ. ರೊಟ್ಟಿ ಹೋದಾಗ ಅದರ ಸುತ್ತಲಿನ ಕಾಳು, ಸೊಪ್ಪು, ಚಟ್ನಿಗಳೂ ಹೋದವು. ರೊಟ್ಟಿ ಬಡಿಯುವುದು ಹೆಂಗಸಿನ ತೋಳಿನ ಕೆಲಸ ಎನ್ನುವುದನ್ನೂ ಮರೆಯಬಾರದು. ದಿನವಿಡೀ ಹಣಿಗೆ ಬಡಿದ ಕೈಗೆ ಮತ್ತೆ ರೊಟ್ಟಿ ಬಡಿ ಎಂದರೆ ಅದು ಅನ್ಯಾಯ. ಈಗ ನಾವು ಬಡಿದ ರೊಟ್ಟಿಯನ್ನು ಕೊಂಡು ತರುತ್ತೇವೆ. ಅದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಅಗಸಿ ಚಟ್ನಿಯ ಮಾತನ್ನು ಬೇರೆಯಾಗಿಯೇ ಹೇಳಬೇಕು. ಅಗಸಿಯಲ್ಲಿ ಲಿಗ್ನಾನ್ ಎಂಬ ವಸ್ತುವಿದೆ. ತಿಂದಾಗ ಅದರಿಂದ ನೇರ ಪ್ರಯೋಜನವಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಎಂಟರೋಲ್ಯಾಕ್ಟೋನ್ ಎಂಬುದಾಗಿ ಬದಲಾಯಿಸುತ್ತವೆ, ಅದರ ರೂಪ ಈಸ್ಟ್ರೋಜನ್ನನ್ನು ಸ್ವಲ್ಪ ಹೋಲುತ್ತದೆ, ಬಲ ಮಾತ್ರ ಬಹಳ ಕಡಿಮೆ. ಬ್ಯಾಕ್ಟೀರಿಯಾ ಇಲ್ಲದಿದ್ದರೆ ಈ ಬದಲಾವಣೆ ಇಲ್ಲ. ಆಂಟಿಬಯಾಟಿಕ್ ತೆಗೆದುಕೊಂಡವರ ರಕ್ತದಲ್ಲಿ ಎಂಟರೋಲ್ಯಾಕ್ಟೋನ್ ಕಡಿಮೆಯಿರುವುದನ್ನು ಫಿನ್ಲೆಂಡಿನವರು 2002ರಲ್ಲಿಯೇ ತೋರಿಸಿದ್ದಾರೆ. ನೆಗಡಿಗೂ ಆಂಟಿಬಯಾಟಿಕ್ ನುಂಗುವ ನಾವು ಇದನ್ನು ಯೋಚಿಸಬೇಕು. ಕೆನಡಾದಲ್ಲಿ ಕಾಲಿನ ರಕ್ತನಾಳ ಕಟ್ಟಿದ ರೋಗಿಗಳಿಗೆ ದಿನಕ್ಕೆ 30 ಗ್ರಾಂ ಪುಡಿ ಮಾಡಿದ ಅಗಸಿಯನ್ನು ಆರು ತಿಂಗಳು ಕೊಟ್ಟಾಗ ಮೇಲಿನ ಬಿ.ಪಿ. ಸುಮಾರು 10 ಅಂಕ ಇಳಿಯಿತೆಂದು 2013ರಲ್ಲಿ ವರದಿಯಾಯಿತು. ಅದು ಲಿಗ್ನಾನಿನಿಂದಲೋ, ನಾರಿನಿಂದಲೋ, ಅಗಸಿಯ ಎಣ್ಣೆಯಿಂದಲೋ ಎಂಬ ಚರ್ಚೆ ಬೇರೆ. ಇಡೀ ಕಾಳು ಹಾಗೆಯೇ ಹೊರಗೆ ಹೋಗುತ್ತದೆ, ಕುಟ್ಟಿ ಪುಡಿ ಮಾಡಿದರೇ ಉಪಯೋಗ. ನಮ್ಮ ಅಜ್ಜಿಯಂದಿರು ಹುರಿದು ಕುಟ್ಟುತ್ತಿದ್ದದ್ದು ರುಚಿಗಾಗಿ, ಆದರೂ ಕೆಲಸ ಸರಿಯಾಗಿಯೇ ಆಗುತ್ತಿತ್ತು. ಇದನ್ನು ಕೇಳಿದ್ದೇ ಆಪಾ ಬಿ.ಪಿ. ಗುಳಿಗೆ ಬಿಟ್ಟು ಅಗಸಿ ಚಟ್ನಿ ತಿನ್ನಲು ಹೊರಟಳು. ಮಗಳು ಗದರಿಸಿ ನಿಲ್ಲಿಸಿದಳು. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುಮಾಡುವ ಗುಳಿಗೆ ತಾವಾಗಿ ಬಿಡುವುದೆಂದರೆ ಸಾವಿಗೆ ಬಾಗಿಲು ತೆರೆದಂತೆ. ಚಟ್ನಿ ಊಟಕ್ಕೆ, ಗುಳಿಗೆ ರೋಗಕ್ಕೆ.

ಮಾಂಸದ ಬಗ್ಗೆಯೂ ನಮ್ಮನ್ನು ಕೇಳುತ್ತಾರೆ, ಮುಸ್ಲಿಮರ ಮನೆಯಲ್ವಾ. ಅಮೆರಿಕದ ಕ್ಲೀವ್‌ಲ್ಯಾಂಡಿನ ಸ್ಟ್ಯಾನ್ಲಿ ಹೇಜನ್ ಮತ್ತು ಸಂಗಡಿಗರು 2011 ಮತ್ತು 2013ರಲ್ಲಿ, ಮೊಟ್ಟೆ, ಕೆಂಪು ಮಾಂಸದ ಕೆಲವು ಅಂಶಗಳನ್ನು ಕರುಳಿನ ಬ್ಯಾಕ್ಟೀರಿಯಾಗಳು ಒಂದು ಅನಿಲವಾಗಿ ಮಾರ್ಪಡಿಸುತ್ತವೆ, ಲಿವರ್ ಅದನ್ನು ಟಿ.ಎಂ.ಎ.ಓ. ಎಂಬ ವಸ್ತುವಾಗಿಸುತ್ತದೆ, ಅದು ಹೆಚ್ಚಿರುವವರಲ್ಲಿ ಹೃದ್ರೋಗ ಹೆಚ್ಚು ಎಂದು ತೋರಿಸಿದರು. ಬಹುಕಾಲ ಮಾಂಸ ಮುಟ್ಟದಿದ್ದ ಒಬ್ಬನಿಗೆ ಮಾಂಸ ತಿನ್ನಿಸಿ ನೋಡಿದಾಗ ಆ ವಸ್ತು ಹೆಚ್ಚುಕಡಿಮೆ ಹುಟ್ಟಲೇ ಇಲ್ಲ, ಅಂಥ ಬ್ಯಾಕ್ಟೀರಿಯಾಗಳ ಬಳಗ ಅವನಲ್ಲಿ ಬೆಳೆದಿರಲಿಲ್ಲ. ಮೀನಿನಲ್ಲಿ ಟಿ.ಎಂ.ಎ.ಓ. ನೇರವಾಗಿಯೇ ಬೇಕಾದಷ್ಟಿದೆ, ಆದರೂ ಮೀನು ಹೃದಯಕ್ಕೆ ಒಳ್ಳೆಯದೆಂದೇ ಹೇಳುತ್ತಾರೆ. ಆದ್ದರಿಂದ ಯಾರ ತಟ್ಟೆ ಮೇಲು ಎಂಬ ಜಗಳಕ್ಕೆ ಈ ಸಂಶೋಧನೆಯನ್ನು ಸಾಕ್ಷಿ ಕರೆಯಬೇಡಿ. ಮದುವೆ ದಾವತ್ತಿನ ಬಿರಿಯಾನಿಗಿಂತ ದಿನದ ತಟ್ಟೆಯಿಂದ ಕಾಳು, ಸೊಪ್ಪು ಕಾಣೆಯಾದದ್ದು ನಮಗೆ ಹೆಚ್ಚು ಚಿಂತೆಯ ವಿಷಯ.

2022ರಲ್ಲಿ ಸರದಿ ನಮ್ಮಲ್ಲಿ ಒಬ್ಬಳದಾಯಿತು, ಅಣ್ಣಿಗೇರಿಯವಳದು. ತಿಂಗಳಿಗೆ ಹತ್ತು ದಿನ ರಕ್ತಸ್ರಾವ, ಸ್ಕ್ಯಾನಿಂಗಿನಲ್ಲಿ ಸಣ್ಣ ಗಡ್ಡೆ. ವಯಸ್ಸು 41. ಒಂದು ಆಸ್ಪತ್ರೆಯಲ್ಲಿ ಐದು ನಿಮಿಷದಲ್ಲಿ ತೀರ್ಮಾನ ಹೇಳಿದರು, ತೆಗೆಸಿಬಿಡಿ, ಸೋಮವಾರ ಬನ್ನಿ. ನಾವು ಇಬ್ಬರೂ ಇದ್ದೆವು. "ಸರ್, ಅಂಡಾಶಯ ಬಿಡ್ತೀರೋ, ಅದನ್ನೂ ತಗೀತೀರೋ?" ಎಂದು ಕೇಳಿದೆವು. "ಯೂಟ್ಯೂಬ್ ನೋಡಿ ಬಂದೀರೇನು?" ಎಂದರು. ಇಲ್ಲ ಸರ್, ನಮ್ಮ ಅಕ್ಕನ್ನ ನೋಡಿ ಬಂದೇವಿ ಎಂದು ಹೇಳಬೇಕೆಂದುಕೊಂಡೆವು, ಹೇಳುವ ಧೈರ್ಯವಾಗಲಿಲ್ಲ. ಎದ್ದು ಬಂದೆವು. ಇನ್ನೊಬ್ಬ ವೈದ್ಯೆ ಮೊದಲು ಗರ್ಭಕೋಶದ ಒಳಪದರದ ತುಣುಕು ಪರೀಕ್ಷೆಗೆ ಕಳಿಸಿ ಕ್ಯಾನ್ಸರ್ ಇಲ್ಲವೆಂದು ಖಾತ್ರಿ ಮಾಡಿಕೊಂಡರು, ಆಮೇಲೆ ಹಾರ್ಮೋನು ಸೂಸುವ, ಕಾಪರ್-ಟಿಯಂಥ ಒಂದು ಸಾಧನವನ್ನು ಒಳಗೆ ಇಟ್ಟರು, ಕಬ್ಬಿಣದ ಗುಳಿಗೆ ಬರೆದರು. ಆರು ತಿಂಗಳಲ್ಲಿ ಸ್ರಾವ ಹತೋಟಿಗೆ ಬಂತು. ಎಲ್ಲರಿಗೂ ಹೀಗೆಯೇ ಆಗುತ್ತದೆಂದಲ್ಲ. ಕೆಲವರಿಗೆ ಕಡೆಗೆ ಆಪರೇಷನ್ನೇ ಬೇಕಾಗುತ್ತದೆ. ಏನನ್ನು ತೆಗೆಯುತ್ತಾರೆ, ಏನನ್ನು ಬಿಡುತ್ತಾರೆ ಎನ್ನುವುದು ಅವರಿಗೆ ಗೊತ್ತಿರಬೇಕು, ನಮ್ಮ ಭಾಷೆಯಲ್ಲಿ.

ಆಪಾನ ಮಗಳಿಗೂ ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ. ಪಿ.ಸಿ.ಓ.ಡಿ. ಎಂದಿದ್ದಾರೆ. ಮದುವೆಯಾದರೆ ಸರಿಹೋಗುತ್ತದೆ ಎಂದು ಸಂಬಂಧಿಕರು ಹೇಳುತ್ತಾರೆ. ಅವಳು ಮಾತ್ರ ವರ್ಷಕ್ಕೊಮ್ಮೆ ಸಕ್ಕರೆ ಪರೀಕ್ಷೆ ಮಾಡಿಸುತ್ತಾಳೆ, ದಿನಾ ಬೆಳಿಗ್ಗೆ ನಡೆಯುತ್ತಾಳೆ. ಈಗೀಗ ಬುರ್ಖಾದ ಕೆಳಗೆ ಬೂಟು ಹಾಕಿಕೊಂಡು ಆಪಾನೂ ಜೊತೆಗೆ ಹೋಗುತ್ತಾಳೆ. ಮೊದಲು ಓಣಿಯವರು ನಕ್ಕರು, ಈಗ ಅವರಲ್ಲಿಯೂ ನಾಲ್ವರು ಸೇರಿದ್ದಾರೆ. ರಮಝಾನ್ ಬಂದರೆ ಆಪಾ ಮೊದಲು ವೈದ್ಯರ ಹತ್ತಿರ ಹೋಗುತ್ತಾಳೆ. ರೋಗಿಗಳಿಗೆ ಉಪವಾಸದಿಂದ ರಿಯಾಯಿತಿ ಇದೆಯೆಂದು ನಮ್ಮ ಗಂಡಸರಿಗೆ ಚೆನ್ನಾಗಿ ಗೊತ್ತು, ನಮ್ಮ ಹೆಂಗಸರು ಮಾತ್ರ ಅದನ್ನು ತೆಗೆದುಕೊಳ್ಳಲು ನಾಚುತ್ತಾರೆ. ಆಪಾ ಎರಡು ವರ್ಷ ಅತ್ತಳು, ಆಮೇಲೆ ಒಪ್ಪಿಕೊಂಡಳು.

ಊರಿಗೂ ಒಂದಿಷ್ಟು ಅನುಕೂಲ ಬಂದಿದೆ. 2024ರಲ್ಲಿ ರಾಜ್ಯ ಸರಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು. ತಾಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು, ದೂರದ ಹೃದಯ ತಜ್ಞರಿಗೆ ಆಗಲೇ ಕಳಿಸಿ, ಅವರು ಹೌದೆಂದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಅಲ್ಲಿಯೇ ಉಚಿತವಾಗಿ ಕೊಡುವ ಏರ್ಪಾಡು ಅದು. ಆದರೆ ಇ.ಸಿ.ಜಿ. ಯಂತ್ರದ ತನಕ ಹೆಂಗಸು ಹೋಗಬೇಕಲ್ಲ. ಎದೆಯ ನಡುವೆ ಭಾರ, ಗದ್ದಕ್ಕೆ, ಬೆನ್ನಿಗೆ, ಭುಜಕ್ಕೆ ಹರಿಯುವ ನೋವು, ತಣ್ಣನೆಯ ಬೆವರು, ವಾಕರಿಕೆ, ಕಾರಣವಿಲ್ಲದ ಸುಸ್ತು, ಇವನ್ನು ಗ್ಯಾಸ್ ಎಂದು ಕರೆದು ಅವಳು ಓಮಿನ ಕಾಳು ಅಗಿಯುತ್ತ ಕುಳಿತರೆ ಯಂತ್ರ ಏನು ಮಾಡೀತು?

ಹೋದ ತಿಂಗಳು ಆಪಾನ ಫಾಲೋಅಪ್ ಇತ್ತು. ಹಿಂದಿನ ರಾತ್ರಿ ಮಗಳು ಒಂದು ಬಿಳಿ ಹಾಳೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ಫೈಲಿನ ಮೊದಲ ಪುಟಕ್ಕೆ ಪಿನ್ನು ಹಾಕಿದಳು. 2001: ಬಸಿರಿನಲ್ಲಿ ಸಕ್ಕರೆ, ಮಗು ನಾಲ್ಕು ಕಿಲೋ. 2008: ಗರ್ಭಕೋಶ ಮತ್ತು ಎರಡೂ ಅಂಡಾಶಯ ತೆಗೆದಿದೆ, ವಯಸ್ಸು 33, ಹಾರ್ಮೋನು ಕೊಟ್ಟಿಲ್ಲ. 2013: ಸಕ್ಕರೆ ಕಾಯಿಲೆ. 2019: ಹೃದಯಾಘಾತ. ಓದಿ ಹೇಳು ಎಂದಳು ಆಪಾ. ಓದಿದಳು. ಆಪಾ ಸ್ವಲ್ಪ ಹೊತ್ತು ಸುಮ್ಮನಿದ್ದು,

"ನಿನ್ನ ಅಣ್ಣನ ಬಸರಿನ್ಯಾಗ ಬಿ.ಪಿ. ಏರಿ ಕಾಲು ಮುಖ ಬಾತಿದ್ವು. ಕಣ್ಣ ಕತ್ತಲಿ ಬರತಿತ್ತು. ಅದನ್ನೂ ಬರೀಬೇಕೇನು?" ಎಂದಳು.

ನಾವಿಬ್ಬರೂ ಅವಳ ಮುಖ ನೋಡಿದೆವು. ನಮಗಾರಿಗೂ ಅವಳು ಅದನ್ನು ಹೇಳಿರಲಿಲ್ಲ.

"ಯಾರೂ ಕೇಳಲಿಲ್ಲಲ್ಲ," ಎಂದಳು ಆಪಾ.

ಹಾಳೆಯ ಮೇಲ್ಭಾಗದಲ್ಲಿ ಜಾಗ ಉಳಿದಿರಲಿಲ್ಲ. ಮಗಳು 1996 ಎಂದು ಅಂಚಿನಲ್ಲಿ ಸಣ್ಣದಾಗಿ ಬರೆದು, ಅದರಿಂದ ಮೊದಲ ಸಾಲಿಗೆ ಒಂದು ಬಾಣದ ಗುರುತು ಎಳೆದಳು.